ಖಾಲಿ ಕಂಡ ಸೀಸೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕಾರ್ಕಳದ ತವರಿನಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದರೆ ಗಳಿಗೆಗೊಮ್ಮೆ ಮಗುಚಿ ನೋಡಿ ಹರಿದು ಹಾಕುತ್ತಿದ್ದವಳು ನಾನೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದರು. ಮದುವೆಯಾಗಿ ಕಾಪುವಿಗೆ ಬಂದೆ, ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್ ಆದೆ, ಹದಿನಾಲ್ಕು ವರ್ಷ ದಾಟಿತು. ಬುದ್ಧಿ ಮಾತ್ರ ಹಪ್ಪಳದ ಕಾಲದ್ದೇ.

ನಮ್ಮಲ್ಲಿಗೆ ಸಂಶೋಧನೆಗೆಂದು ಆಂಟಿಬಾಡಿಗಳು ಬರುತ್ತವೆ. ಇಲಿಯ ಜೀವಕೋಶಗಳಿಂದ ಪಡೆದವು. ಸಾವಿರ ಪ್ರೋಟೀನುಗಳ ನಡುವೆ ತನಗೆ ಬೇಕಾದ ಒಂದನ್ನೇ ಹುಡುಕಿ ಹಿಡಿಯುವುದು ಒಂದೊಂದರ ಗುಣ. ಹೆಪ್ಪುಗಟ್ಟಿಸಿ, ನೀರಿನ ಪಸೆಯನ್ನೆಲ್ಲ ತೆಗೆದು, ಒಣ ಪುಡಿ ಮಾಡಿ, ಕಿರುಬೆರಳಷ್ಟು ಸೀಸೆಯಲ್ಲಿ ಕಳಿಸುತ್ತಾರೆ. ಅದಕ್ಕೆ ಅಳತೆಯ ನೀರು ಹಾಕಿ ಕರಗಿಸಿ, ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಅದರ ಸಾಂದ್ರತೆ ಎಷ್ಟು ಎಂದು ಮೇಲೆ ಬರೆದು ಫ್ರೀಜರಿನಲ್ಲಿಡುವುದು ನನ್ನ ಕೆಲಸ. ನಾನು ಬರೆದ ಮೇಲೆ ಇನ್ನೊಬ್ಬರು ಪರೀಕ್ಷಿಸುವ ರೂಢಿ ಇರಲಿಲ್ಲ. ಅಕ್ಕನ ಅಕ್ಷರ ಉಂಟಲ್ವಾ, ಸಾಕು ಎನ್ನುತ್ತಿದ್ದರು ಎಲ್ಲರೂ. ಆ ಮಾತು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಪಿಎಚ್‌ಡಿ ಮಾಡುತ್ತಿದ್ದ ಕಟಪಾಡಿಯ ಬ್ಯಾರಿ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಮೆಲು ಮಾತಿನವಳು, ನನಗೆ ಪೂರಾ ವಿರುದ್ಧ. ಅವಳ ಪ್ರಬಂಧದಲ್ಲಿ ಉಳಿದದ್ದು ಕೊನೆಯ ಒಂದು ಅಧ್ಯಾಯ, ಫೆಲೋಶಿಪ್ಪಿನಲ್ಲಿ ಉಳಿದದ್ದು ಆರೇ ತಿಂಗಳು. ಆ ಅಧ್ಯಾಯ ನಿಂತದ್ದು ಒಂದು ಸೀಸೆಯ ಮೇಲೆ. ಅದು ಬರಲು ಒಂದೂವರೆ ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಬಂದವಳೇ ನನ್ನ ಮುಖ ನೋಡುತ್ತಿದ್ದಳು, ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಸೀಸೆ ಬಂದ ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಳು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಏನೂ ಇಲ್ಲ. ಚಿಟಿಕೆ ಬೂದಿಯಷ್ಟೂ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಕಾಯಿಸಿ ಖಾಲಿ ಸೀಸೆ ಕಳಿಸಿದ್ದಾರೆ ಎಂದು ಮುಚ್ಚಳ ತೆಗೆದು ಬುಟ್ಟಿಗೆ ಎಸೆದೆ. ಸೀಸೆಯನ್ನು ಕವುಚಿ ಕಪ್ಪು ಮೇಜಿನ ಮೇಲೆ ಎರಡು ಸಲ ಕುಟ್ಟಿ, ನೋಡಿ, ಏನೂ ಬೀಳುವುದಿಲ್ಲ ಎಂದು ಫೋಟೋ ತೆಗೆದು ಬೆಂಗಳೂರಿನ ಸರಬರಾಜುದಾರನಿಗೆ ಕಳಿಸಿದೆ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಎರಡು ನಿಮಿಷದಲ್ಲಿ ಅವನ ಫೋನು ಬಂತು.

"ಮೇಡಂ, ಅದು ಖಾಲಿ ಅಲ್ಲ. ಪುಡಿ ಕಣ್ಣಿಗೆ ಕಾಣಲ್ಲ, ಗಾಜಿಗೆ, ಮುಚ್ಚಳಕ್ಕೆ ಅಂಟಿರುತ್ತೆ. ತೆರೆಯೋ ಮೊದಲು ಯಂತ್ರದಲ್ಲಿ ತಿರುಗಿಸಿ ಕೆಳಗಿಳಿಸಬೇಕು ಅಂತ ಕಾಗದದಲ್ಲೇ ಇದೆಯಲ್ಲ."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಸದಾಗಿ ಬಂದವರಿಗೆಲ್ಲ ಅದನ್ನು ಕಲಿಸುವವಳು ನಾನೇ. ಕೈಗವಸು ಹಾಕಿಕೊಂಡು ಬುಟ್ಟಿ ಕೆದಕಿ ಮುಚ್ಚಳ ಹುಡುಕಿದೆ. ಅದರ ಒಳಬದಿಯನ್ನೂ ಸೀಸೆಯ ಗೋಡೆಯನ್ನೂ ಅದೇ ಅಳತೆಯ ನೀರಿನಿಂದ ತೊಳೆದು ಕರಗಿಸಿದೆ. ಎಷ್ಟು ಉಳಿಯಿತು, ಎಷ್ಟು ಫ್ಯಾನಿನ ಗಾಳಿಗೆ ಹೋಯಿತು, ದೇವರಿಗೇ ಗೊತ್ತು. ಆಮೇಲೆ ಪೆನ್ನು ತೆಗೆದುಕೊಂಡು ಟ್ಯೂಬುಗಳ ಮೇಲೆ ಪೂರ್ತಿ ಸಾಂದ್ರತೆಯನ್ನೇ ಬರೆದೆ. ಗಾಬರಿಯಲ್ಲಿ ಬರೆದುಹೋಯಿತು ಎಂದರೆ ಸುಳ್ಳಾಗುತ್ತದೆ. ಯೋಚಿಸಿಯೇ ಬರೆದೆ. ಹದಿನಾಲ್ಕು ವರ್ಷದ ಹೆಸರು ಹಾಳಾಗುವುದು ನನಗೆ ಬೇಡವಾಗಿತ್ತು.

ಅವಳ ಕೆಲಸವೆಂದರೆ ಗಾಜಿನ ಮೇಲೆ ಅಂಟಿಸಿದ ಅಂಗಾಂಶದ ತೆಳು ಪದರಕ್ಕೆ, ಟ್ಯೂಬಿನ ಮೇಲೆ ಬರೆದ ಸಾಂದ್ರತೆ ನೋಡಿ ಅಳೆದು, ಆಂಟಿಬಾಡಿ ಹಾಕಿ ಬಣ್ಣ ಬರಿಸುವುದು. ಹುಡುಕುವ ಪ್ರೋಟೀನು ಇದ್ದಲ್ಲಿ ಕಡು ಕಂದು ಬಣ್ಣ ಬರಬೇಕು. ಅವಳಿಗೆ ಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣ. ಆ ಪ್ರೋಟೀನು ಇದೆಯೆಂದು ಮೊದಲೇ ಗೊತ್ತಿದ್ದ, ಬಣ್ಣ ಖಂಡಿತ ಬರಲೇಬೇಕಾದ ಮಾದರಿ ಸ್ಲೈಡಿನಲ್ಲೂ ಹಾಗೆಯೇ. ಅವಳು ಮತ್ತೊಮ್ಮೆ ಮಾಡಿದಳು, ಮತ್ತೂ ಒಮ್ಮೆ ಮಾಡಿದಳು. ನಿನ್ನ ಕೈ ಇನ್ನೂ ಪಳಗಿಲ್ಲ ಎಂದರು ಅವಳ ಗೈಡ್ ಆಗಿದ್ದ ಸರ್. ಆಗ ನಾನು ಪಕ್ಕದಲ್ಲೇ ಬೀಕರು ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮೂರು ವಾರ ಹೆಗಲು ಮುಟ್ಟಿಕೊಂಡೇ ಓಡಾಡಿದೆ. ಯಾರಾದರೂ ಫ್ರೀಜರಿನ ಬಾಗಿಲು ತೆರೆದರೆ ಕೈಯ ಕೆಲಸ ಬಿಟ್ಟು ಅತ್ತಲೇ ನೋಡುತ್ತಿದ್ದೆ. ಒಂದು ದಿನ ಬಂಗುಡೆ ಮೀನು ಕೊಂಡು ಬಸ್ಸಿನಲ್ಲೇ ಬಿಟ್ಟು ಇಳಿದೆ. ನಿನಗೆ ಎಂತ ಆಗಿದೆ ಮಾರಾಯ್ತಿ ಎಂದು ಗಂಡ ಕೇಳಿದರೆ ಅವರ ಮೇಲೆಯೇ ಹರಿಹಾಯ್ದೆ.

ಒಂದು ಶನಿವಾರ ಸರ್ ಆ ಹುಡುಗಿಯನ್ನು ಕರೆದು, ಸೋಮವಾರದೊಳಗೆ ತೀರ್ಮಾನಿಸು, ಈ ಅಧ್ಯಾಯ ಬಿಟ್ಟೇ ಬಿಡೋಣವೇ ಎಂದರು. ಅವಳು ಆಗಲಿ ಸರ್ ಎಂದು ತಲೆಯಾಡಿಸಿ, ಮೇಜು ಒರೆಸಿಟ್ಟು ಹೋದಳು. ಸಂಜೆ ಉಡುಪಿಯಲ್ಲಿ ಬಸ್ಸು ಹತ್ತಿ ಕಾಪುವಿಗೆ ಟಿಕೆಟ್ ತೆಗೆದುಕೊಂಡೆ. ಅಂಬಲಪಾಡಿ ದಾಟುವಾಗಲೇ ಎದ್ದು ಬಾಗಿಲ ಹತ್ತಿರ ನಿಂತೆ. ಕಾಪು ಇನ್ನೂ ದೂರ ಉಂಟು, ಕುಳಿತುಕೊಳ್ಳಿ ಎಂದ ಕಂಡಕ್ಟರ್. ನಾನು ಕಟಪಾಡಿಯಲ್ಲಿ ಇಳಿದೆ, ರಿಕ್ಷಾ ಮಾಡಿಕೊಂಡು ಅವಳ ಮನೆಗೆ ಹೋದೆ.

ಅವಳ ಉಮ್ಮ ಜಗಲಿಯಲ್ಲಿ ಕುರ್ಚಿ ಹಾಕಿ, ಚಹಾ ಮಾಡಲು ಒಳಗೆ ಹೋದರು. ನಾನು ಕೂರಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದೆ. ಮೇಜಿಗೆ ಕುಟ್ಟಿದ್ದು, ಬುಟ್ಟಿ ಕೆದಕಿದ್ದು, ಲೇಬಲ್ ಬರೆದದ್ದು. ಬೈಯಲಿ ಎಂದು ಕಾದೆ. ಅವಳು ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡುತ್ತಾ ಕೂತಿದ್ದಳು.

"ಹಾಗಾದರೆ ನನ್ನ ಕೈ ಸರಿ ಉಂಟು, ಅಲ್ವಾ ಅಕ್ಕ?"

ಮೂರು ಸಲ ಕೆಟ್ಟ ಮೇಲಾದರೂ ಆ ಟ್ಯೂಬಿನ ಮೇಲೆ ನಿನಗೆ ಯಾಕೆ ಸಂಶಯ ಬರಲಿಲ್ಲ ಎಂದು ಕೇಳಿದೆ.

"ಅದರ ಮೇಲೆ ನಿಮ್ಮ ಅಕ್ಷರ ಇತ್ತಲ್ಲ."

ಚಹಾ ಬಂತು. ಅದನ್ನು ಹೇಗೆ ಕುಡಿದೆನೋ ನೆನಪಿಲ್ಲ.

ಸೋಮವಾರ ಸರ್ ಮುಂದೆಯೂ ಹೇಳಿದೆ. ಬೈಗುಳ ಸಿಕ್ಕಿತು, ಸಿಗಬೇಕಾದದ್ದೇ. ಹೊಸ ಸೀಸೆಗೆ ಮತ್ತೆ ಒಂದೂವರೆ ತಿಂಗಳು ಕಾದೆವು. ಈ ಸಲ ಮೊದಲು ತಿರುಗಿಸಿ ಇಳಿಸಿ, ನೀರು ಹಾಕಿ, ಅಲುಗಾಡಿಸದೆ ಅರ್ಧ ಗಂಟೆ ಬಿಟ್ಟೆ. ಆ ಅರ್ಧ ಗಂಟೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಆಮೇಲೆ ಟ್ಯೂಬುಗಳಿಗೆ ಹಂಚಿ, ಸಾಂದ್ರತೆ ಬರೆದು ಅವಳ ಕೈಗೆ ಕೊಟ್ಟೆ. ಅವಳು ಥ್ಯಾಂಕ್ಸ್ ಅಕ್ಕ ಎಂದು ನಕ್ಕು ತೆಗೆದುಕೊಂಡಳು. ತನ್ನ ಸ್ಲೈಡುಗಳನ್ನು ಮಾತ್ರ ಹೊರತೆಗೆಯಲಿಲ್ಲ. ಮೊದಲು ಒಂದು ಮಾದರಿ ಸ್ಲೈಡಿಗೆ ಹಾಕಿ ನೋಡಿದಳು. ಕಡು ಕಂದು ಬಣ್ಣ ಬಂತು. ಅದು ಬಂದ ಮೇಲೆಯೇ ಕೆಲಸ ಶುರುಮಾಡಿದಳು.

ಅವಳ ಅಧ್ಯಾಯ ಮುಗಿಯಿತು, ಪ್ರಬಂಧವೂ ಆಯಿತು. ಈಗ ನಮ್ಮಲ್ಲಿ ಎಲ್ಲರೂ ನಾನು ಕರಗಿಸಿದ್ದನ್ನು ಮೊದಲು ಒಂದು ಸ್ಲೈಡಿಗೆ ಹಾಕಿ ನೋಡುತ್ತಾರೆ. ಹಾಗೆಯೇ ಮಾಡಬೇಕು, ಹೊಸಬರಿಗೆ ನಾನೇ ಅದನ್ನು ಕಲಿಸುತ್ತೇನೆ. ಆದರೂ ಯಾರಾದರೂ ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಆ ಮಾದರಿ ಸ್ಲೈಡಿಗೆ ಕೈಚಾಚಿದಾಗ ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಏನಾದರೂ ನೆವ ಮಾಡಿ ಹೊರಗೆ ಹೋಗುತ್ತೇನೆ.