ಮಾವನ ಫೋನಿನ ನಕಲು

ಇದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ. ಪುಣೆ ಕ್ಯಾಂಪಿನಲ್ಲಿ ಅವನ ಸೀರೆ ಅಂಗಡಿ; ಬೆಳಗಾವಿಯಿಂದ ಓದಲು ಬಂದ ನಾನು ಅವನ ಮನೆಯಲ್ಲೇ ಇದ್ದೆ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವರೇ ಇರಲಿಲ್ಲ. ಪದವಿಯ ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡ ಪ್ರಾಜೆಕ್ಟು, ಮೊಬೈಲಿನ ನಂಬರುಗಳನ್ನು ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಇಳಿಸಿ ಒಂದು ನಕಲು ಕಾಪಾಡುವುದು.

"ವಾಯರ್ ಇಲ್ದ ನಂಬರ್ ಹೆಂಗ ಹೋಗ್ತಾವ? ದಾರ್‍ಯಾಗ ಯಾರರ ಹಿಡಕೊಂಡ್ರ? ಇದೂ ಆಗೂದಿಲ್ಲ, ನಿನ್ನ ಡಿಗ್ರೀನೂ ಆಗೂದಿಲ್ಲ" ಎಂದ.

ಆದರೆ ಆಗ ಬ್ಲೂಟೂತ್ ಇದ್ದ ಫೋನು ಮನೆಯಲ್ಲಿ ಅವನದೊಂದೇ. ಪ್ರಾಜೆಕ್ಟು ಕೈಕೊಟ್ಟರೆ ಪದವಿಯೂ ಇಲ್ಲ ಎಂದು ಗೋಗರೆದ ಮೇಲೆ ಒಪ್ಪಿದ. ಕೊಡುವ ಮೊದಲು ಎರಡು ದಿನ ಕೂತು ಅಷ್ಟೂ ನಂಬರುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ನಕಲು ಕಾಪಾಡುವ ನನ್ನ ವಿದ್ಯೆಯಿಂದ ಪಾರಾಗಲು ಅವನು ಮಾಡಿಕೊಂಡ ನಕಲು ಅದು.

ಶಿವಾಜಿನಗರದ ನಮ್ಮ ಕಾಲೇಜಿಗೆ ಬಂದ ಪರೀಕ್ಷಕರು ಪುಣೆಯಲ್ಲೇ ನೆಲೆಸಿದ್ದ ಧಾರವಾಡದ ಕಡೆಯವರು. ನಂಬರುಗಳು ಕಂಪ್ಯೂಟರಿಗೆ ಸರಿಯಾಗಿಯೇ ಇಳಿದವು. "ಈಗ ಫೋನಿನ್ಯಾಗಿಂದು ಎಲ್ಲಾ ಅಳಸು. ಮತ್ತ ತುಂಬಿ ತೋರಸು" ಎಂದರು. ಅಳಿಸಿದೆ. ತಿರುಗಿ ತುಂಬುವಾಗ ಅರ್ಧಕ್ಕೆ ನಿಂತಿತು. ಫೋನನ್ನು ಕಂಪ್ಯೂಟರಿಗೆ ಅಂಟಿಸಿದಂತೆ ಹಿಡಿದೆ. ಮತ್ತೆ ಹೊರಟಿತು.

ಅಷ್ಟರಲ್ಲಿ ಅವರು ಕಂಪ್ಯೂಟರಿನ ತೆರೆಯ ಮೇಲಿನ ಪಟ್ಟಿ ಓದತೊಡಗಿದ್ದರು. ಮಾವ ಗಿರಾಕಿಗಳನ್ನು ಹೆಸರಿನಿಂದ ಗುರುತಿಟ್ಟವನಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: 'ಇಂದಾಪುರ ಹಸರ ಅಂಚು', 'ಅಕ್ಕನ್ನ ಕೇಳಿ ಬರತೀನಿ ಅನ್ನಾಕಿ'. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. 'ಬರೇ ನೋಡಿ ಹೋಗಾವ'.

"ಇದು ನನ್ನ ನಂಬರ್. ಯಾರ ಫೋನವ್ವಾ ಇದು?"

"ನಮ್ಮ ಮಾವಂದ್ರಿ. ಕ್ಯಾಂಪಿನ್ಯಾಗ ಸೀರಿ ಅಂಗಡಿ."

ಮೂರು ವರ್ಷದ ಓದು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಾಯಿಗೆ ಬಂದದ್ದು ಇಷ್ಟೇ: "ನಂಬರ್ ಬರೋಬ್ಬರಿ ಅದ ಏನ್ರಿ, ಸರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಂಬರೂ ಬರೋಬ್ಬರಿ ಅದ, ಹೆಸರೂ ಬರೋಬ್ಬರಿ ಅದ. ಏನೂ ಬಿಟ್ಟಿಲ್ಲ ನಿನ್ನ ಮಷಿನ್ನು." ಪಾಸು ಮಾಡಿದರು. "ಮಾವಗ ಹೇಳು, ಮುಂದಿನ ಸಲ ನಮ್ಮನಿಯಾಕೀನ ಕರಕೊಂಡ ಬರತೀನಿ. ನನಗ ಆರಸಾಕ ಬರೂದಿಲ್ಲ."

ಕೆಲವು ತಿಂಗಳ ನಂತರ ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ನನ್ನ ಸಹಿ ಪಡೆದು ಪದವಿ ಪತ್ರ ಕೊಟ್ಟ. ಅಂಗಡಿ ಮುಚ್ಚಿಕೊಂಡು ಬಂದಿದ್ದ ಮಾವನ ಕೈಗೆ ಅದನ್ನಿಟ್ಟೆ. ತಿರುವಿ ತಿರುವಿ ನೋಡಿದ.

"ಭಾಳ ಹಗರ ಅದ. ಇಲ್ಲೀತನಕ ನಮ್ಮ ಮನ್ಯಾಗ ಯಾರಿಗೂ ಎತ್ತಾಕ ಆಗಿದ್ದಿಲ್ಲ ನೋಡು," ಎಂದ. "ಲಗೂನ ಹಿಡಕೋ ಯವ್ವಾ, ನನ್ನ ಕೈ ಬೆವತಾವ."