ಅಪ್ಪನ ಪಿಕಪ್ ಎದ್ದಿತು

ಗೆಳೆಯರೇ, ಅಪ್ಪ ನನಗೆ ಬಿಟ್ಟುಹೋದ ಹಳೇ ಪಿಕಪ್ ವ್ಯಾನು ಇವತ್ತು ಸ್ಟಾರ್ಟ್ ಆಯಿತು! ಅವರು ತೀರಿಕೊಂಡಾಗಿನಿಂದ ಹುಣಸೆಮರದ ಕೆಳಗೆ ನಿಂತಿತ್ತು. ಅವರ ಕ್ಯಾಸೆಟ್ಟುಗಳ ನಡುವೆ ಕೋಳಿ ಮೊಟ್ಟೆ ಇಡುತ್ತಿತ್ತು.

ಬೆಳಿಗ್ಗೆಯೇ ದೊಡ್ಡಪ್ಪ ಗುಜರಿಯವನನ್ನು ಕರೆತಂದರು. "ಎಣ್ಣುಮಗ್ಳಿಗೆ ವಂಡಿ ಯಾತಕ್ಕಮ್ಮಾ? ಕಬ್ಬುಣಕ್ಕೆ ಆಕ್ಬುಡು."

"ಇದು ನನ್ ವಂಡಿ ದೊಡ್ಡಪ್ಪಾ, ನಾನೇ ಓಡುಸ್ತೀನಿ" ಎಂದೆ.

ನಲ್ಲಂಪಳ್ಳಿಯ ಮೆಕ್ಯಾನಿಕ್ ಡೀಸೆಲ್ ಪೈಪಿನ ಕಸ ತೆಗೆದ. ಬ್ಯಾಟರಿಗೆ ಶಕ್ತಿಯಿರಲಿಲ್ಲ; ನಾನು ಸ್ಟೇರಿಂಗ್ ಹಿಡಿದು ಕೂತೆ, ಅಮ್ಮ, ಅತ್ತಿಗೆ ಹಿಂದಿನಿಂದ ತಳ್ಳಿದರು. ಕರಿಹೊಗೆ ಉಗುಳಿ ಇಂಜಿನ್ ಎದ್ದಿತು.

"ಅಕ್ಕಾ, ಬ್ಯಾಟ್ರಿ ಚಾರ್ಜ್ ಆಗೋಗಂಟ ಆಫ್ ಮಾಡ್ಬ್ಯಾಡಿ" ಎಂದ ಮೆಕ್ಯಾನಿಕ್.

ಇಳಿಯಲೇ ಇಲ್ಲ; ಸೀಟಿನಲ್ಲೇ ಊಟ ಮುಗಿಸಿದೆ. ದೊಡ್ಡಪ್ಪ ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ಬುದ್ಧಿ ಹೇಳಿದರು. ಇಂಜಿನ್ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಸೈಲೆನ್ಸರ್ ತೂತಾಗಿದೆಯಂತೆ, ಬದಲಿಸಬೇಕಂತೆ. ಸದ್ಯಕ್ಕೆ ಬೇಡ ಎಂದಿದ್ದೇನೆ.