ತಾಯಿಯ ಹೆಸರಿನ ಕಾಲಂ

ಬಸವಕಲ್ಯಾಣದ ಸ್ನಾತಕೋತ್ತರ ಕೇಂದ್ರದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಖಾತೆ ತೆರೆದುಕೊಡುವುದು ಇಶ್ರತ್‌ಳ ಕೆಲಸ. ಒಂಬತ್ತು ವರ್ಷದಿಂದ ಹುಮನಾಬಾದಿನ ಬೆಳಗಿನ ಬಸ್ಸಿಗೆ ಬರುತ್ತಾಳೆ, ಸಂಜೆಯ ಬಸ್ಸಿಗೆ ಮರಳುತ್ತಾಳೆ. ಕಾಗದದ ಮೇಲೆ ಅವಳು ಲ್ಯಾಬ್ ಸಹಾಯಕಿ. ಪಾಸ್‌ವರ್ಡ್ ಮರೆತ ಪ್ರಾಧ್ಯಾಪಕರು ಹುಡುಕಿಕೊಂಡು ಬರುವುದು ಮಾತ್ರ ಅವಳನ್ನೇ. ಮರೆಯದ ಪ್ರಾಧ್ಯಾಪಕರೊಬ್ಬರು ಆ ಕೇಂದ್ರಕ್ಕೆ ಇನ್ನೂ ಬರಬೇಕಾಗಿದೆ. ಖಾತೆ ತೆರೆಯಲಿಲ್ಲವೆಂದು ತನ್ನ ಪಟ್ಟಿಯ ಒಬ್ಬರಿಗೂ ಪರೀಕ್ಷೆ ತಪ್ಪಿಲ್ಲ ಎಂಬುದು ಅವಳ ಹೆಮ್ಮೆ. ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

ಅವಳದೊಂದು ಚಾಳಿಯಿತ್ತು. ಖಾತೆಯ ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಕಡ್ಡಾಯ. ಎಲ್ಲಕ್ಕಿಂತ ಕೆಳಗೆ ತಾಯಿಯ ಹೆಸರಿಗೊಂದು ಕಾಲಂ. ತುಂಬಿದರೂ ಸೈ, ಬಿಟ್ಟರೂ ಸೈ. ಬೇರೆ ಕೇಂದ್ರಗಳಲ್ಲಿ ಎಲ್ಲರೂ ಬಿಡುತ್ತಿದ್ದರು. ಇಶ್ರತ್ ಮಾತ್ರ, ಬಾಗಿಲಾಚೆಗೂ ಸಾಲು ಬೆಳೆದಿದ್ದರೂ, "ನಿಮ್ಮವ್ವನ ಹೆಸರೇನ?" ಎಂದು ಕೇಳಿಯೇ ಮುಂದಕ್ಕೆ ಹೋಗುತ್ತಿದ್ದಳು.

"ಇಶ್ರತ್ ಮೇಡಂ, ಖಾತೆ ತೆರ್ಯಾಕತ್ತೀರೋ, ಮದಿವಿಗೆ ಹೆಣ್ಣ ನೋಡಾಕತ್ತೀರೋ?" ಎಂದು ವಿಭಾಗದ ಮುಖ್ಯಸ್ಥ ಚನ್ನಬಸಪ್ಪನವರು ರೇಗಿಸುತ್ತಿದ್ದರು. ಅವಳು ನಕ್ಕು ಸಾಲಿನ ಮುಂದಿನವರನ್ನು ಕರೆಯುತ್ತಿದ್ದಳು. ಅವಳ ತಾಯಿ ಮುನ್ನಿ ಬೀ ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ತೊಗರಿ ಹಸನು ಮಾಡಿ ಮಗಳಿಗೆ ಕಂಪ್ಯೂಟರ್ ಕಲಿಸಿದವಳು. ಆದರೆ ಡಿಗ್ರಿ ಸರ್ಟಿಫಿಕೇಟಿನಲ್ಲಿ ತಂದೆ ಪೀರ್ ಪಾಷಾನ ಹೆಸರಷ್ಟೇ ಇದೆ. ಅದು ಇಶ್ರತ್‌ಗೆ ಇವತ್ತಿಗೂ ಸಿಟ್ಟು.

ಕಳೆದ ವರ್ಷ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ. ಐದು ಗಂಟೆಗೆ ಎಲ್ಲ ಬಂದ್. ಮಧ್ಯಾಹ್ನ ಎರಡಕ್ಕೆ ಮೋರಖಂಡಿಯ ಭುವನೇಶ್ವರಿ ಎಂಬ ಹುಡುಗಿ ಬಂದಳು. ತಡವಾಗಿ ಸೀಟು ಸಿಕ್ಕವಳು, ಖಾತೆ ಇನ್ನೂ ಆಗಿರಲಿಲ್ಲ; ಅದಿಲ್ಲದೆ ಅರ್ಜಿ ಕಳಿಸಲು ಬರುವುದಿಲ್ಲ. ಇಶ್ರತ್ ಹೆಸರು, ತಂದೆಯ ಹೆಸರು, ದಿನಾಂಕ ಹೊಡೆದಳು. "ಈ ವಿದ್ಯಾರ್ಥಿಯ ಖಾತೆ ಈಗಾಗಲೇ ಇದೆ" ಎಂದು ಕಂಪ್ಯೂಟರ್ ಅಲ್ಲಿಗೇ ನಿಲ್ಲಿಸಿತು.

ಹೌದು, ಇತ್ತು. ಕೊಹಿನೂರು ಎಂಬ ಊರಿನ ಇನ್ನೊಬ್ಬ ಭುವನೇಶ್ವರಿಯದು. ಅವಳ ತಂದೆಯೂ ಬಸವಣಪ್ಪ, ಇವಳ ತಂದೆಯೂ ಬಸವಣಪ್ಪ. ಬಸವಕಲ್ಯಾಣದ ರಸ್ತೆಯಲ್ಲಿ ನಿಂತು ಆ ಹೆಸರು ಕೂಗಿದರೆ ನಾಲ್ಕು ಜನ ಹೊರಳಿ ನೋಡುತ್ತಾರೆ. ಇನ್ನು ಹುಟ್ಟಿದ ದಿನ: ಇಬ್ಬರದೂ ಒಂದೇ ವರ್ಷದ ಜೂನ್ ಒಂದು. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪ ತಾರೀಖು ಗೊತ್ತಿಲ್ಲವೆಂದು ತಲೆ ಕೆರೆದುಕೊಂಡರೆ ಮಾಸ್ತರರು ಜೂನ್ ಒಂದು ಬರೆದು ಮುಗಿಸುವುದು ಈ ಕಡೆಯ ಪದ್ಧತಿ. ಅರ್ಧ ತರಗತಿ ಅವತ್ತೇ ಹುಟ್ಟಿರುತ್ತದೆ.

ವಿಶ್ವವಿದ್ಯಾಲಯದ ಮುಖ್ಯ ಕಚೇರಿಗೆ ಫೋನ್ ಮಾಡಿದರೆ ಅಲ್ಲಿನ ಅಧಿಕಾರಿ, "ಒಬ್ಬಾಕಿನ್ನೇ ಎರಡ ಸಲ ಹೊಡದೀರಿ. ಇನ್ನೊಂದು ತೆರ್ಯಾಕ ಬರಂಗಿಲ್ಲ" ಎಂದು ಇಟ್ಟುಬಿಟ್ಟ.

ಭುವನೇಶ್ವರಿ ತಮ್ಮನ ಓದು ಮುಗಿಯಲೆಂದು ಮೂರು ವರ್ಷ ಮನೆಯಲ್ಲಿ ಕೂತಿದ್ದವಳು. "ಈ ವರ್ಷ ಹೋತಂದ್ರ ಮನ್ಯಾಗ ಮತ್ತ ಕಳಸಂಗಿಲ್ರಿ ಮೇಡಂ" ಎಂದಳು.

"ಜೂನ್ ಎರಡು ಅಂತ ಹಾಕಿಬಿಡ್ರಿ, ಯಾರ ನೋಡ್ತಾರ?" ಎಂದರು ಚನ್ನಬಸಪ್ಪನವರು.

"ಬ್ಯಾಡ್ರಿ ಸರ್. ನಾಳೆ ಮಾರ್ಕ್ಸ್ ಕಾರ್ಡಿಗೂ ಇದಕ್ಕೂ ತಾಳೆ ಆಗ್ಲಿಲ್ಲಂದ್ರ ಡಿಗ್ರಿನೇ ನಿಂತಬಿಡ್ತದ."

ಗಡಿಯಾರ ನಾಲ್ಕರ ಹತ್ತಿರ ಬಂದಿತ್ತು. ಇಶ್ರತ್ ಕೊಹಿನೂರಿನವಳ ಖಾತೆಯನ್ನು ತೆರೆದು ಮೇಲಿಂದ ಕೆಳಗೆ ನೋಡುತ್ತ ಹೋದಳು. ತೀರಾ ಕೊನೆಗೆ ತಾನೇ ತುಂಬಿದ್ದ ಹೆಸರು ಕಂಡಿತು: ಪಾರ್ವತಿಬಾಯಿ. ಕಂಪ್ಯೂಟರ್ ಮೊದಲ ಮೂರು ಕಾಲಂಗಳಿಗೇ ತಡೆದಿದ್ದರಿಂದ ಈ ಹುಡುಗಿಯನ್ನು ಅದೊಂದನ್ನು ಕೇಳುವುದೇ ಉಳಿದುಹೋಗಿತ್ತು.

"ನಿಮ್ಮವ್ವನ ಹೆಸರೇನವ್ವಾ?"

"ಶರಣಮ್ಮ ಅಂತ್ರಿ."

ಇಶ್ರತ್ ಫೋನ್ ಎತ್ತಿದಳು. ಹುಡುಗಿಯ ಹತ್ತನೆಯ ತರಗತಿಯ ಅಂಕಪಟ್ಟಿಯ ಫೋಟೋ ಕಳಿಸಿ, "ಸರ್, ಇದ್ರಾಗಿನ ತಾಯಿ ಹೆಸರ ನೋಡ್ರಿ. ಈಗ ಆ ಮೊದಲಿನ ಖಾತೆ ತೆರೀರಿ, ತೀರಾ ಕೆಳಗ ನೋಡ್ರಿ. ಒಬ್ಬಾಕಿಗೆ ಇಬ್ಬರು ತಾಯಂದಿರು ಹ್ಯಾಂಗ ಇರ್ತಾರ?" ಎಂದಳು.

ಅಧಿಕಾರಿ ಆ ಕಡೆ ಖಾತೆ ತೆರೆದು ಕೆಳಗಿನವರೆಗೆ ನೋಡಿದ. "ಈ ಕಾಲಂ ಯಾರೂ ತುಂಬಂಗಿಲ್ಲಲ್ಲ?"

"ನಾ ತುಂಬ್ತೀನ್ರಿ," ಎಂದಳು ಇಶ್ರತ್. ಆ ಮಾತಿನಲ್ಲಿ ಒಂಬತ್ತು ವರ್ಷದ ಠೀವಿಯಿತ್ತು.

ನಾಲ್ಕು ನಲವತ್ತಕ್ಕೆ ಖಾತೆ ತೆರೆಯಿತು. ಭುವನೇಶ್ವರಿ ಅಲ್ಲೇ ಕೂತು ಅರ್ಜಿ ತುಂಬಿ ಕಳಿಸಿದಳು. ಆಮೇಲೆ ಅತ್ತಳು, ಅಳುತ್ತಲೇ ನಕ್ಕಳು, ಅವ್ವನಿಗೆ ಫೋನ್ ಹಚ್ಚಿಕೊಂಡು ಹೊರಗೆ ಓಡಿದಳು.

ತಿಂಗಳಾದ ಮೇಲೆ ಎಲ್ಲ ಕೇಂದ್ರಗಳಿಗೂ ಸುತ್ತೋಲೆ ಬಂತು: ಇನ್ನು ಮುಂದೆ ತಾಯಿಯ ಹೆಸರೂ ಕಡ್ಡಾಯ. ಚನ್ನಬಸಪ್ಪನವರು ಅದನ್ನು ತಾವೇ ಇಶ್ರತ್‌ಳ ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು. ಮದುವೆಯ ತಮಾಷೆ ಅಲ್ಲಿಗೆ ನಿಂತಿತು.

ಒಂದು ಪ್ರತಿಯನ್ನು ಇಶ್ರತ್ ಮನೆಗೆ ಒಯ್ದಳು. ಅಂಗಳದಲ್ಲಿ ಕೂತಿದ್ದ ಮುನ್ನಿ ಬೀಗೆ ಓದು ಬಾರದು. ಮಗಳು ಓದಿ ಹೇಳಿದ್ದನ್ನೆಲ್ಲ ಕೇಳಿ, "ಹಂಗಾದ್ರ ನಿನ್ನ ಖಾತೇದಾಗ ನನ್ನ ಹೆಸರೂ ಹಾಕ್ತಾರೇನ ಬೇಟಾ?" ಎಂದಳು.

"ಹಾಕೋದೇನ ಅಮ್ಮಿ? ನೌಕರಿಗೆ ಸೇರಿದ ದಿನ ಮೊದಲ ತೆರೆದಿದ್ದು ನನ್ನ ಖಾತೇನೇ. ಅವತ್ತೇ ತುಂಬೀನಿ." ಇಶ್ರತ್ ಮೊಬೈಲಿನಲ್ಲಿ ಅದನ್ನು ತೆಗೆದು, ತಾಯಿಯ ಹೆಸರಿದ್ದ ಸಾಲನ್ನು ಓದಿ ತೋರಿಸಿದಳು.

ಮುನ್ನಿ ಬೀ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲ್ ಇಸಿದುಕೊಂಡಳು. ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಮಗಳು ಓದಿದ್ದು ಸಾಲದೆ, ಪಕ್ಕದ ಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು:

"ಫರಹತ್, ಜಲ್ದಿ ಬಾ ಇಲ್ಲಿ! ಇದ್ರಾಗ ಏನ ಬರದದ, ಒಮ್ಮೆ ಜೋರಾಗಿ ಓದು!"